ಇಪ್ಪತ್ತು ನಿಮಿಷದ ರಿಪೇರಿ

ಲೈಲ್ ಟ್ಯಾಕೆಟ್ ಮೂವತ್ತೊಂದು ವರ್ಷ ತಾಮ್ರದ ಗಣಿಯೊಂದರಲ್ಲಿ ಪಂಪು ನೋಡಿಕೊಳ್ಳುತ್ತಿದ್ದವನು. ನೆಲದಡಿ ಒಸರುವ ನೀರನ್ನು ಬಿಡುವಿಲ್ಲದೆ ಮೇಲೆತ್ತಿ ಹಾಕದಿದ್ದರೆ ಕೆಳಗೆ ಕೆಲಸ ಮಾಡುವವರು ಬದುಕಿ ಬರುವುದಿಲ್ಲ. ಪಂಪಿನ ಮೈಮೇಲೆ ಅಂಗೈ ಇಟ್ಟರೆ ಸಾಕು, ಒಳಗೆ ಏನು ಸವೆದಿದೆ ಎಂದು ಹೇಳುತ್ತಿದ್ದನಂತೆ. ಇದನ್ನು ನನಗೆ ಹೇಳಿದ್ದು ಅವನಲ್ಲ, ಅವನ ಹೆಂಡತಿ ನೆಡ್ರಾ. ಲೈಲ್ ತನ್ನ ಬಗ್ಗೆ ತಾನು ಹೇಳಿಕೊಳ್ಳುವವನಲ್ಲ. ಬೇರೆಯವರ ಹತ್ತಿರ ಏನನ್ನಾದರೂ ಕೇಳುವುದಂತೂ ಅವನಿಂದ ಆಗುತ್ತಲೇ ಇರಲಿಲ್ಲ.

ಗಣಿ ಮುಚ್ಚಿದಾಗ ಅವರಿದ್ದ ಮನೆಯೂ ಹೋಯಿತು. ಅದು ಕಂಪನಿಯ ಬಾಡಿಗೆ ಮನೆ. ಸೂರು ಸೋರಿದಾಗ, ಮೆಟ್ಟಿಲು ಕುಸಿದಾಗ, ಕೊಳಾಯಿ ಒಡೆದಾಗ ಕಂಪನಿಯವರು ಬರಲಿಲ್ಲ. ಮೊದಲು ಲೈಲ್‌ನ ಅಪ್ಪ, ಅವನ ನಂತರ ಲೈಲ್ ತಾವೇ ಸರಿಮಾಡಿಕೊಂಡರು. ಕೊನೆಗೆ ಒಂದು ದಿನ ಬಾಗಿಲಿಗೆ ಚೀಟಿ ಅಂಟಿಸಿ, ಅರವತ್ತು ದಿನದಲ್ಲಿ ಖಾಲಿ ಮಾಡಿ ಎಂದರು. ಅವತ್ತಿನಿಂದ ಅವನದು ಒಂದೇ ಮಾತು: "ಯಾರದ್ದು ಮನೆಯೋ ಅವ್ರೇ ರಿಪೇರಿ ಮಾಡಿಸ್ಲಿ. ಇನ್ನೊಬ್ರ ಗೋಡೆಗೆ ನಾನು ಇನ್ನೊಂದು ಮೊಳೆ ಹೊಡೆಯಲ್ಲ."

ಅವರು ಮರುಭೂಮಿಯ ನಗರ ಟೂಸಾನಿಗೆ ಬಂದು ನಮ್ಮ ಪಕ್ಕದ ಮನೆ ಬಾಡಿಗೆಗೆ ಹಿಡಿದದ್ದು ಹಿತ್ತಲಿನ ಈಜುಕೊಳಕ್ಕಾಗಿ. ನೆಡ್ರಾಗೆ ನರಗಳ ಕಾಯಿಲೆ. ಮೈ ಸ್ವಲ್ಪ ಕಾದರೆ ಸಾಕು, ಕಾಲು ಅವಳ ಮಾತು ಕೇಳುತ್ತಿರಲಿಲ್ಲ. ದಿನವೂ ತಣ್ಣನೆಯ ನೀರಿನಲ್ಲಿ ನಡೆಯಬೇಕು, ನಡೆಯುವುದನ್ನು ಬಿಟ್ಟರೆ ಇರುವ ಶಕ್ತಿಯೂ ಹೋಗುತ್ತದೆ, ಹೋದದ್ದು ಮರಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ಬಿಸಿಲೇರುವ ಮುನ್ನ, ನಾನು ಸ್ಕೂಲ್ ಬಸ್ಸು ಓಡಿಸುವ ಕೆಲಸಕ್ಕೆ ಹೊರಡುವ ಹೊತ್ತಿಗೆ, ಗೋಡೆಯಾಚೆ ನೀರಿನ ಸದ್ದು ಕೇಳುತ್ತಿತ್ತು. ಲೈಲ್ ಅವಳ ಸೊಂಟ ಹಿಡಿದು ಮೆಟ್ಟಿಲಿಳಿಸಿ ಕೈ ಬಿಡುತ್ತಿದ್ದ. ನೆಲದ ಮೇಲೆ ವಾಕರ್ ಇಲ್ಲದೆ ನಾಲ್ಕು ಹೆಜ್ಜೆ ಇಡಲಾಗದವಳು ನೀರಿನಲ್ಲಿ ಈ ಅಂಚಿನಿಂದ ಆ ಅಂಚಿಗೆ ಸೊಗಸಾಗಿ ನಡೆಯುತ್ತಿದ್ದಳು.

"ಒಫೀ, ನೋಡೇ ಇಲ್ಲಿ!" ಎಂದು ನನ್ನನ್ನು ಕೂಗುತ್ತಿದ್ದಳು. ನನ್ನ ಹೆಸರು ಒಫೀಲಿಯಾ. ಅಷ್ಟು ಉದ್ದ ಕರೆಯುವ ತಾಳ್ಮೆ ಅವಳಿಗಿರಲಿಲ್ಲ. "ಈ ಮುದುಕನಿಗೆ ಹೇಳು, ಡ್ಯಾನ್ಸಿಗೆ ಕರ್ಕೊಂಡ್ ಹೋಗು ಅಂತ."

"ಕಾಲು ತುಳೀತಾಳೆ," ಎನ್ನುತ್ತಿದ್ದ ಲೈಲ್. ಅವನು ನಗುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ.

ಹೀಗೆ ಐದು ವರ್ಷ ನಡೆಯಿತು. ಆರನೆಯ ವರ್ಷದ ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ಪಂಪು ನಿಂತಿತು.

ಮನೆಯ ಒಡತಿ ಅರ್ಲೀನ್ ಕೋಲ್ಬಿ. ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದ ಹೆಂಗಸು. ತೀರಿಹೋದ ಅಣ್ಣನಿಂದ ಈ ಮನೆ ಅವಳಿಗೆ ಬಂದಿತ್ತು, ಅವಳು ಒಂದು ಗಂಟೆ ದಾರಿಯ ಬೇರೆ ಊರಿನಲ್ಲಿದ್ದಳು. ಲೈಲ್ ಫೋನು ಮಾಡಲಿಲ್ಲ, ಕಾಗದ ಬರೆದ. ಈಜುಕೊಳದ ಪಂಪು ಕೆಟ್ಟಿದೆ, ಕಾನೂನಿನ ಪ್ರಕಾರ ಹತ್ತು ದಿನದೊಳಗೆ ಸರಿಮಾಡಿಸಿ ಎಂದಷ್ಟೇ. ಕರಾರುಪತ್ರದಲ್ಲಿ ಕೊಳದ ಬಗ್ಗೆ ಇದ್ದದ್ದು ಒಂದೇ ಸಾಲು: ದಿನನಿತ್ಯದ ಶುಚಿ ಬಾಡಿಗೆದಾರನದು. ಪಂಪು ಕೆಟ್ಟರೆ ಯಾರು ನೋಡಬೇಕು ಎಂದು ಅದರಲ್ಲಿ ಇರಲಿಲ್ಲ.

ಅವಳ ಉತ್ತರ ಬಂದ ದಿನ ನಾನು ಅವರ ಅಡುಗೆಮನೆಯಲ್ಲೇ ಕೂತಿದ್ದೆ. ಲೈಲ್ ನಿಂತೇ ಓದಿದ. ಓದಿ, ಮೇಜಿನ ಮೇಲಿಟ್ಟು ಹಿತ್ತಲಿಗೆ ಹೋದ. ನೆಡ್ರಾ ಅದನ್ನು ನನ್ನ ಕೈಗೆ ಕೊಟ್ಟಳು. ಯಾರೋ ಹೇಳಿಕೊಟ್ಟು ಬರೆಸಿದಂತಿತ್ತು. ಎಲೆ ಕಸ ಹಿಡಿಯುವ ಪಂಪಿನ ಬುಟ್ಟಿ ಖಾಲಿ ಮಾಡದೆ, ನೀರಿಲ್ಲದೆ ಪಂಪು ಓಡಿಸಿದರೆ ಸುಟ್ಟುಹೋಗುತ್ತದೆ; ಇದು ಬಾಡಿಗೆದಾರರ ಅಜಾಗರೂಕತೆಯಿಂದ ಆದದ್ದು; ಆದ್ದರಿಂದ ರಿಪೇರಿ ನಿಮ್ಮದೇ ಜವಾಬ್ದಾರಿ ಎಂದಿತ್ತು.

"ಅಯ್ಯೋ ದೇವ್ರೇ," ಎಂದಳು ನೆಡ್ರಾ. "ಬೇರೆ ಏನ್ ಬೇಕಾದ್ರೂ ಬರೀಬಹುದಿತ್ತು. ಹೆಂಡತೀನ ಹೊಡೀತಾನೆ ಅಂತ ಬರೆದಿದ್ರೂ ಇಷ್ಟು ಬೇಜಾರ್ ಮಾಡ್ಕೊತಿರ್ಲಿಲ್ಲ."

ಅವತ್ತಿನಿಂದ ಅವನು ಗಟ್ಟಿಯಾಗಿಬಿಟ್ಟ. ಗ್ರಂಥಾಲಯಕ್ಕೆ ಹೋಗಿ ಬಾಡಿಗೆ ಕಾನೂನಿನ ಪುಸ್ತಕ ಓದಿದ. ಎರಡನೆಯ ಕಾಗದ, ಮೂರನೆಯ ಕಾಗದ, ಎಲ್ಲವೂ ರಿಜಿಸ್ಟರ್ಡ್ ಅಂಚೆಯಲ್ಲಿ. ಒಂದರಲ್ಲೂ ನೆಡ್ರಾಳ ಹೆಸರಿರಲಿಲ್ಲ. ನಾನು ಒಮ್ಮೆ ಅವನನ್ನು ಗೋಡೆಯ ಬಳಿ ಹಿಡಿದು ಕೇಳಿದೆ.

"ಲೈಲ್, ಅವಳ ಕಾಲಿನ ವಿಷಯ ಬರೆದ್ರಾ?"

"ಇಲ್ಲ."

"ಯಾಕೆ? ಅದೇ ಅಲ್ವಾ ಮುಖ್ಯ?"

"ನಾನು ಹಕ್ಕು ಕೇಳ್ತಿದೀನಿ ಒಫೀಲಿಯಾ, ಭಿಕ್ಷೆ ಅಲ್ಲ. ಹೆಂಡತಿ ಕಾಲು ತೋರಿಸಿ ನಾನು ಯಾರ ಹತ್ರನೂ ಏನೂ ಕೇಳಲ್ಲ. ನೀನೂ ಈ ವಿಷಯಕ್ಕೆ ತಲೆ ಹಾಕ್ಬೇಡ."

ಮೇ ತಿಂಗಳಲ್ಲಿ ನೀರು ಹಸಿರಾಯಿತು. ಪಾಚಿ ಬಲಿತು, ತಳ ಕಾಣದಾಯಿತು. ಯಾರೋ ದೂರು ಕೊಟ್ಟಿರಬೇಕು. ಸೊಳ್ಳೆ ನಿಯಂತ್ರಣದವರು ಬಂದು ನೋಟೀಸು ಬರೆದರು. ಲಾರ್ವಾ ತಿನ್ನಲೆಂದು ಪುಟ್ಟ ಮೀನುಗಳ ಒಂದು ಚೀಲವನ್ನೂ ನೀರಿಗೆ ಸುರಿದು ಹೋದರು.

"ನಾನು ಇಳಿಯೋ ಹಾಗಿಲ್ಲ, ಮೀನು ಈಜ್ತಿದಾವೆ," ಎಂದಳು ನೆಡ್ರಾ ಕಿಟಕಿಯಿಂದ ನೋಡುತ್ತ. "ಲೈಲ್, ಅವುಕ್ಕೂ ಒಂದು ಕಾಗದ ಬರಿ. ಬಾಡಿಗೆ ಕೊಡಿ ಅಂತ."

ಲೈಲ್ ನಗಲಿಲ್ಲ.

ನಾನು ಅವಳನ್ನು ನಗರದ ಸಾರ್ವಜನಿಕ ಕೊಳಕ್ಕೆ ಎರಡು ಸಲ ಕರೆದುಕೊಂಡು ಹೋದೆ. ಕಾರು ನಿಲ್ಲಿಸುವ ಜಾಗದಿಂದ ನೀರಿನ ತನಕ ಹೋಗುವಷ್ಟರಲ್ಲೇ ಬಿಸಿಲು ಅವಳ ಕಾಲನ್ನು ಕಸಿದುಕೊಳ್ಳುತ್ತಿತ್ತು. ಎರಡನೆಯ ಸಲ ಬಟ್ಟೆ ಬದಲಿಸುವ ಕೋಣೆಯಲ್ಲಿ ಬಿದ್ದಳು. ಒದ್ದೆ ನೆಲದ ಮೇಲೆ, ಅರ್ಧ ಬಟ್ಟೆಯಲ್ಲಿ. ಇಬ್ಬರು ಹುಡುಗಿಯರು ಓಡಿಬಂದು ಎತ್ತಿದರು. ಅವರು ತುಂಬ ಒಳ್ಳೆಯವರು. ಅದೇ ಅವಳಿಗೆ ತಡೆಯಲಾಗಲಿಲ್ಲ. ಮನೆಯ ಮುಂದೆ ಇಳಿಯುವಾಗ, "ಇನ್ನು ಬೇಡ ಕಣೇ," ಎಂದಳು.

ಜೂನಿನಲ್ಲಿ ವಾಕರ್ ಮೂಲೆ ಸೇರಿ ಗಾಲಿಕುರ್ಚಿ ಬಂತು. ಆ ದಿನಗಳಲ್ಲಿ ಅವಳು ಗಂಡನನ್ನು ಕೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ.

"ನೀನೇ ಒಂದ್ಸಲ ನೋಡಬಾರ್ದಾ? ಗಣಿಯ ಪಂಪು ಕಂಡೋನಿಗೆ ಇದ್ಯಾವ ಲೆಕ್ಕ?"

"ಅದು ಓನರ್ ಕೆಲಸ."

"ಓನರ್ ಮಾಡಿಸ್ತಿಲ್ವಲ್ಲ."

"ಮಾಡಿಸ್ತಾಳೆ. ಕೋರ್ಟು ಹೇಳಿದ್ರೆ ಮಾಡಿಸ್ಲೇಬೇಕು. ಇನ್ನು ಸ್ವಲ್ಪ ದಿನ ನೆಡ್ರಾ."

ಮೋಟರೇ ಪೂರ್ತಿ ಸುಟ್ಟಿದೆ, ಹೊಸದೇ ಬೇಕು, ಅದಕ್ಕೇ ಇವನು ಹಟ ಹಿಡಿದಿದ್ದಾನೆ ಎಂದು ಅವಳು ತಿಳಿದಿದ್ದಳು. ನಾನೂ ಹಾಗೇ ತಿಳಿದಿದ್ದೆ.

ಜುಲೈ ಹತ್ತೊಂಬತ್ತಕ್ಕೆ ವಿಚಾರಣೆ. ಗಾಲಿಕುರ್ಚಿ ನನ್ನ ವ್ಯಾನಿನಲ್ಲಿ ಹಿಡಿಸುತ್ತಿದ್ದುದರಿಂದ ನಾನೇ ಇಬ್ಬರನ್ನೂ ಕರೆದೊಯ್ದೆ. ಲೈಲ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಾಗದಗಳನ್ನು ತಾರೀಖಿನಂತೆ ಜೋಡಿಸಿಕೊಂಡಿದ್ದ. ವಕೀಲರಿಲ್ಲದೆ ಬಾಯಲ್ಲೇ ಹೇಳಿಕೊಳ್ಳುವ ಪುಟ್ಟ ಕೋರ್ಟು ಅದು. ಎದುರು ಬೆಂಚಿನಲ್ಲಿ ಮಿಸೆಸ್ ಕೋಲ್ಬಿ ಒಬ್ಬಳೇ ಕೂತಿದ್ದಳು. ನಮ್ಮ ಮನಸ್ಸಿನಲ್ಲಿ ಆ ಹೊತ್ತಿಗೆ ದೊಡ್ಡ ರಾಕ್ಷಸಿಯಾಗಿ ಬೆಳೆದಿದ್ದವಳು ನೋಡಿದರೆ ಸಣ್ಣ ಮುದುಕಿ. ಕೈಚೀಲವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದಳು.

ಜಡ್ಜ್ ಮಧ್ಯವಯಸ್ಸಿನ ಹೆಂಗಸು. ಕರಾರುಪತ್ರ ಓದಿ, ಕನ್ನಡಕ ತೆಗೆದು ಕೇಳಿದರು:

"ಮಿಸ್ಟರ್ ಟ್ಯಾಕೆಟ್, ನೀರಿಲ್ದೆ ಓಡಿ ಸುಟ್ಟಿದ್ದಲ್ಲ ಅಂತ ನಿಮಗೆ ಹೇಗೆ ಗೊತ್ತು?"

"ಬಿಚ್ಚಿ ನೋಡಿದೀನಿ ಮೇಡಂ."

"ಯಾವಾಗ?"

"ನಿಂತ ದಿನವೇ."

ಅವನು ಫೋಟೋಗಳನ್ನು ಮುಂದಿಟ್ಟ. ಒಂದೊಂದನ್ನೂ ತೋರಿಸಿ ವಿವರಿಸಿದ. ಇದು ನೀರು ಸೋರದಂತೆ ತಡೆಯುವ ಸೀಲು, ನೀರಿಲ್ಲದೆ ಓಡಿದ್ದರೆ ಇದು ಕರಗಿರಬೇಕಿತ್ತು, ಕರಗಿಲ್ಲ. ಮೋಟರು ಚೆನ್ನಾಗಿದೆ. ಕೆಟ್ಟಿರುವುದು ಮೋಟರನ್ನು ಚಾಲೂ ಮಾಡುವ ಪುಟ್ಟ ಭಾಗ, ಕೆಪಾಸಿಟರ್ ಒಂದೇ, ಹಳೆಯದಾಗಿ ಬಿಸಿಲಿಗೆ ಉಬ್ಬಿದೆ. ಇದರಲ್ಲಿ ಬಾಡಿಗೆದಾರನ ತಪ್ಪೇನೂ ಇಲ್ಲ. ಅಷ್ಟು ಉದ್ದ ಅವನು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಚೆನ್ನಾಗಿ ಮಾತಾಡಿದ.

"ಇದನ್ನ ಬದಲಾಯಿಸೋಕೆ ಎಷ್ಟು ಹೊತ್ತು ಬೇಕು?" ಎಂದರು ಜಡ್ಜ್.

"ಗೊತ್ತಿರೋರಿಗೆ ಇಪ್ಪತ್ತು ನಿಮಿಷ ಮೇಡಂ."

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ಆದ್ರೆ ಅದು ನನ್ನ ಕೆಲಸ ಅಲ್ಲ."

ನಾನು ನೆಡ್ರಾಳ ಪಕ್ಕದಲ್ಲಿದ್ದೆ. ಅವಳು ಮಡಿಲಲ್ಲಿದ್ದ ಕೈಗಳನ್ನು ನೋಡುತ್ತ ಕೂತಳು.

ತೀರ್ಪು ಲೈಲ್‌ನ ಕಡೆಗೇ ಆಯಿತು. ಪಂಪು ಕೆಟ್ಟದ್ದು ಬಾಡಿಗೆದಾರನಿಂದಲ್ಲ. ಕೊಳ ಇರುವ ಮನೆ ಎಂದು ಕೊಟ್ಟ ಮೇಲೆ ಅದನ್ನು ಸುಸ್ಥಿತಿಯಲ್ಲಿಡುವುದು ಒಡತಿಯ ಹೊಣೆ. ಆಗಸ್ಟ್ ಮುಗಿಯುವುದರೊಳಗೆ ಅವಳು ಸರಿಮಾಡಿಸಬೇಕು. ಬೇಡವೆಂದರೆ ಕೊಳವನ್ನೇ ತೆಗೆಸಿ ಬಾಡಿಗೆ ಇಳಿಸಬೇಕು.

ಹೊರಗೆ ಮಿಸೆಸ್ ಕೋಲ್ಬಿ ಹಿಂಜರಿಯುತ್ತಲೇ ನಮ್ಮ ಬಳಿ ಬಂದಳು. ಗಾಲಿಕುರ್ಚಿಯ ಕಡೆ ಬಾಗಿ, "ಕಾಲಿಗೆ ಏನಾಯ್ತಮ್ಮಾ?" ಎಂದಳು.

ನೆಡ್ರಾ ಬಾಯಿ ತೆರೆದಳು. ಅಷ್ಟರಲ್ಲಿ ಲೈಲ್, "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ," ಎಂದು ಕುರ್ಚಿ ತಿರುಗಿಸಿ ತಳ್ಳಿಕೊಂಡು ಹೊರಟೇಬಿಟ್ಟ.

ವ್ಯಾನಿನಲ್ಲಿ ಅರ್ಧ ದಾರಿ ಬಂದ ಮೇಲೆ ಹಿಂದಿನಿಂದ ನೆಡ್ರಾಳ ದನಿ ಬಂತು.

"ಇಪ್ಪತ್ತು ನಿಮಿಷಾನಾ, ಲೈಲ್?"

ಅವನು ಮುಂದಿನ ಗಾಜಿನಾಚೆ ನೋಡುತ್ತಿದ್ದ.

"ಮೊದಲ ದಿನವೇ ಗೊತ್ತಿತ್ತಾ?"

"ನೀನು ಏನು ಕೆಟ್ಟಿದೆ ಅಂತ ಕೇಳ್ಲಿಲ್ಲ," ಎಂದ ಅವನು.

"ಸರಿ ಮಾಡು ಅಂತ ಕೇಳಿದೆ. ದಿನಾ ಕೇಳಿದೆ."

ಅವಳು ಅಳಲಿಲ್ಲ, ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು ಎಂದು ಲೈಲ್ ಆಮೇಲೆ ನನಗೆ ಹೇಳಿದ.

ಮರುದಿನ ಅಂಗಡಿ ತೆರೆಯುವ ಮೊದಲೇ ಅವನು ಅದರ ಬಾಗಿಲಲ್ಲಿ ನಿಂತಿದ್ದ. ಕೆಪಾಸಿಟರ್ ತಂದು ಹಾಕಿದ. ನನಗೆ ಗೋಡೆಯಾಚೆಯಿಂದ ಪಂಪು ಓಡುವ ಸದ್ದು ಕೇಳಿತು. ಆದರೆ ಮೂರು ತಿಂಗಳ ಪಾಚಿ ಇಪ್ಪತ್ತು ನಿಮಿಷಕ್ಕೆ ಹೋಗುವುದಿಲ್ಲ. ಎಪ್ಪತ್ತರ ಹತ್ತಿರದ ಆ ಮನುಷ್ಯ, ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ, ಹನ್ನೆರಡು ದಿನ ಮಂಡಿಯೂರಿ ಕೊಳದ ಗೋಡೆ ಉಜ್ಜಿದ. ಮೀನುಗಳನ್ನು ಜರಡಿಯಿಂದ ಹಿಡಿದು ಬಕೆಟಿಗೆ ಹಾಕಿ ಸೊಳ್ಳೆಯವರಿಗೆ ಫೋನು ಮಾಡಿ ಒಪ್ಪಿಸಿದ. ಫಿಲ್ಟರು ತೊಳೆದ, ಮದ್ದು ಹಾಕಿದ, ಮತ್ತೆ ತೊಳೆದ. ಸಹಾಯಕ್ಕೆ ಬರ್ತೀನಿ ಎಂದರೆ ಬೇಡವೆಂದು ತಲೆಯಲ್ಲಾಡಿಸಿದ.

ಆಗಸ್ಟ್ ಮೊದಲ ವಾರದಲ್ಲಿ ನೀರು ತಿಳಿಯಾಯಿತು. ಆ ಬೆಳಿಗ್ಗೆ ನನ್ನನ್ನೂ ಕರೆದರು. ಒಂದು ಕಡೆ ಅವನು, ಇನ್ನೊಂದು ಕಡೆ ನಾನು ಹಿಡಿದು ಅವಳನ್ನು ಇಳಿಸಿದೆವು. ಎದೆಮಟ್ಟದ ನೀರಿಗೆ ಬಂದ ಮೇಲೆ ಲೈಲ್ ಹಿಂದಿನಂತೆ ಕೈ ಬಿಟ್ಟ.

ಅವಳು ಹಾಗೇ ಕೆಳಗೆ ಹೋದಳು. ಅವನು ಬಾಚಿ ಎತ್ತಿಕೊಂಡ. ಇನ್ನೊಂದು ಸಲ ನಿಲ್ಲಿಸಿ ನೋಡಿದೆವು, ಮತ್ತೊಂದು ಸಲ. ಹೆಜ್ಜೆ ಎತ್ತಲು ಅವಳು ಪ್ರಯತ್ನಿಸುತ್ತಿದ್ದುದು ಮುಖದಲ್ಲಿ ಕಾಣುತ್ತಿತ್ತು, ಕಾಲಿನಲ್ಲಿ ಏನೂ ಕಾಣುತ್ತಿರಲಿಲ್ಲ.

"ಇವತ್ತು ಮೊದಲ ದಿನ," ಎಂದ ಲೈಲ್. "ಅಭ್ಯಾಸ ತಪ್ಪಿದೆ ಅಷ್ಟೆ. ನಾಳೆ—"

"ಸುಮ್ನಿರು ಲೈಲ್," ಎಂದಳು. "ನೀರು ಚೆನ್ನಾಗಿದೆ. ಸುಮ್ನೆ ಹಿಡ್ಕೋ."

ಅವಳ ಬೆನ್ನ ಕೆಳಗೆ ಎರಡೂ ಕೈ ಕೊಟ್ಟು ಅವನು ಅವಳನ್ನು ನೀರಿನ ಮೇಲೆ ತೇಲಿಸಿದ. ಅವಳು ಕಣ್ಣು ಮುಚ್ಚಿಕೊಂಡಳು. ನಾನು ಮೇಲೆ ಬಂದು ಒಳಗೆ ಹೋದೆ, ಅಲ್ಲಿ ನಿಲ್ಲಬೇಕೆನಿಸಲಿಲ್ಲ.

ಆಮೇಲೆ ದಿನವೂ ಹಾಗೆಯೇ. ನಡಿಗೆಯಿಲ್ಲ, ಮಾತೂ ಹೆಚ್ಚಿಲ್ಲ. ಆದರೂ ಅವಳ ಮುಖ ಸ್ವಲ್ಪ ಸಡಿಲವಾಗುತ್ತಿತ್ತು.

ಮಿಸೆಸ್ ಕೋಲ್ಬಿಯ ಕಾಗದ ಬಂದದ್ದು ಆಗ. ಕೋರ್ಟಿನ ಆದೇಶದಂತೆ ಕೊಳವನ್ನು ತೆಗೆಸಲು ನಿರ್ಧರಿಸಿದ್ದೇನೆ, ಇಪ್ಪತ್ತರಂದು ಕೆಲಸದವರು ಬರುತ್ತಾರೆ ಎಂದಿತ್ತು.

ಲೈಲ್ ಅವತ್ತು ಮೊದಲ ಬಾರಿಗೆ ಅವಳಿಗೆ ಫೋನು ಮಾಡಿದ. ನೆಡ್ರಾ ನನ್ನನ್ನು ಕರೆಸಿಕೊಂಡಿದ್ದಳು. ಅವನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.

"ಮಿಸೆಸ್ ಕೋಲ್ಬಿ, ನಾನು ಲೈಲ್ ಟ್ಯಾಕೆಟ್. ಪಂಪು ನಾನೇ ಸರಿ ಮಾಡಿದೀನಿ. ನೀವು ಏನೂ ಮಾಡಿಸ್ಬೇಕಾಗಿಲ್ಲ. ಇನ್ಮೇಲೆ ಕೆಟ್ರೂ ನಾನೇ ನೋಡ್ಕೊತೀನಿ, ಬೇಕಾದ್ರೆ ಬರೆದು ಕೊಡ್ತೀನಿ. ಕೊಳ ಮುಚ್ಚಿಸ್ಬೇಡಿ." ಒಂದು ಕೈಯನ್ನು ಗೋಡೆಗೆ ಊರಿದ. "ನನ್ನ ಹೆಂಡ್ತಿಗೆ ಕಾಲು ಸ್ವಾಧೀನ ಇಲ್ಲ. ನೀರಲ್ಲಿ ಮಾತ್ರ ಅವಳಿಗೆ... ದಯವಿಟ್ಟು. ಕೈ ಮುಗಿದು ಕೇಳ್ತೀನಿ."

ಅಷ್ಟು ವರ್ಷದಲ್ಲಿ ಅವನ ಬಾಯಲ್ಲಿ ಆ ಮಾತು ಯಾರೂ ಕೇಳಿರಲಿಲ್ಲ.

ಮಿಸೆಸ್ ಕೋಲ್ಬಿ ಮರುದಿನ ತಾನೇ ಕಾರು ಓಡಿಸಿಕೊಂಡು ಬಂದಳು. ನೆಡ್ರಾಳ ಎದುರು ಕೂತು ಅಳತೊಡಗಿದಳು. ಸೊಳ್ಳೆಯವರ ನೋಟೀಸು ವಿಮೆ ಕಂಪನಿಯ ತನಕ ಹೋಗಿತ್ತು. ಕೊಳ ತೆಗೆಸದಿದ್ದರೆ ಮನೆಗೆ ವಿಮೆಯೇ ಇಲ್ಲ ಎಂದು ಅವರು ಬರೆದಿದ್ದರು. ಅವಳು ಬೇರೆ ಎರಡು ವಿಮೆ ಕಂಪನಿಗಳನ್ನೂ ಕೇಳಿ ನೋಡಿದ್ದಳು, ಅವರೂ ಒಪ್ಪಿರಲಿಲ್ಲ. ಆ ಮನೆ ಬಿಟ್ಟರೆ ಅವಳಿಗೂ ಬೇರೆ ಆಸರೆ ಇರಲಿಲ್ಲ.

"ಏಪ್ರಿಲಲ್ಲೇ ಒಂದು ಮಾತು ಹೇಳಿದ್ರೆ..." ಎಂದಳು. "ನಮ್ಮಣ್ಣನ ಹೆಂಡ್ತಿಗೂ ಕಾಲು ಸ್ವಾಧೀನ ಇರ್ಲಿಲ್ಲ. ನನಗೆ ಅರ್ಥ ಆಗ್ತಿರ್ಲಿಲ್ವಾ? ಆ ಕಾಗದ ನೋಡಿ ನಾನು ಹೆದರಿಬಿಟ್ಟೆ. ಯಾರೋ ಕಾನೂನು ಗೊತ್ತಿರೋ ಮನುಷ್ಯ, ನನ್ನ ಮನೆ ಕಿತ್ಕೊಳ್ಳೋಕೆ ನೋಡ್ತಿದಾನೆ ಅಂದ್ಕೊಂಡೆ."

ನೆಡ್ರಾ ಅವಳ ಕೈ ಹಿಡಿದುಕೊಂಡಳು. "ಅಳಬೇಡಿ. ನಿಮ್ಮ ತಪ್ಪಲ್ಲ. ನನ್ನ ಗಂಡ ಬಾಯಿ ಬಿಟ್ಟು ಕೇಳೋ ಜಾತಿ ಅಲ್ಲ."

ಲೈಲ್ ಅಲ್ಲೇ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ.

ಇಪ್ಪತ್ತರಂದು ನೆಡ್ರಾ ನಮ್ಮ ಮನೆಯಲ್ಲಿದ್ದಳು. ಕೊಳದ ತಳ ಒಡೆಯುವ ಯಂತ್ರದ ಸದ್ದಿಗೆ ಕಿಟಕಿಯ ಗಾಜು ನಡುಗುತ್ತಿತ್ತು. ನಾನು ಟೀವಿಯ ದನಿ ಏರಿಸಿದೆ. "ಆರಿಸು," ಎಂದಳು. ಇಬ್ಬರೂ ಕೂತು ಕೇಳಿದೆವು. ಸಂಜೆಯ ತನಕ ಲಾರಿಗಳು ಮಣ್ಣು ಸುರಿದವು. ಲೈಲ್ ಒಂದು ಗುಟುಕು ನೀರನ್ನೂ ಕುಡಿಯದೆ ಬಿಸಿಲಲ್ಲೇ ನಿಂತು ನೋಡಿದ ಎಂದು ಕೆಲಸದವನೊಬ್ಬ ನನಗೆ ಹೇಳಿದ.

ಚಳಿಗಾಲದಲ್ಲಿ ಅವಳ ಕೈಗಳೂ ಸೋತವು. ಗಣಿಯ ಊರಿನಲ್ಲಿ ಅವಳು ಕ್ಷೌರದಂಗಡಿ ನಡೆಸಿದವಳು. ಮದುವೆಯಾದಾಗಿನಿಂದ ಲೈಲ್‌ನ ತಲೆಗೆ ಬೇರೆಯವರ ಕತ್ತರಿ ತಾಗಿರಲಿಲ್ಲ. ಡಿಸೆಂಬರಿನಲ್ಲಿ ಹಟ ಮಾಡಿ ಕತ್ತರಿ ತರಿಸಿಕೊಂಡಳು. ಅವನು ಅವಳ ಗಾಲಿಕುರ್ಚಿಯ ಮುಂದೆ ನೆಲದ ಮೇಲೆ ಕೂತ. ಅವಳ ಕೈ ನಡುಗಿ ಕೂದಲು ಒಂದು ಕಡೆ ಮೆಟ್ಟಿಲಾಯಿತು, ಕಿವಿಯ ತುದಿಗೂ ಗಾಯವಾಯಿತು. ಅವನು ಟೋಪಿ ಹಾಕದೆ ಅದೇ ತಲೆಯಲ್ಲಿ ಊರೆಲ್ಲ ಓಡಾಡಿದ.

ಆ ದಿನವೇ ಅವನು ಕ್ಷಮೆ ಕೇಳಿದನಂತೆ. ಅವಳು ಕೊಟ್ಟ ಉತ್ತರವನ್ನು ಅವಳೇ ನನಗೆ ಹೇಳಿದಳು: "ಕೋಪ ಇಲ್ಲ ಅಂತ ಸುಳ್ಳು ಹೇಳಲ್ಲ ಅಂದೆ. ಇದೆ. ಆದ್ರೆ ಕೋಪ ಮಾಡ್ಕೊಳ್ಳೋಕೂ ನನಗೆ ನೀನು ಬಿಟ್ರೆ ಇನ್ಯಾರಿದಾರೋ ಅಂದೆ."

ಫೆಬ್ರವರಿಯಲ್ಲಿ ನೆಗಡಿ ಎದೆಗಿಳಿಯಿತು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದಳು. ಹತ್ತನೆಯ ದಿನ ಮಧ್ಯಾಹ್ನ, ಲೈಲ್ ಅವಳ ತುಟಿಗೆ ಒದ್ದೆ ಹತ್ತಿ ಒತ್ತುತ್ತಿದ್ದಾಗ, ಹೋದಳು.

ಅವಳನ್ನು ಗಣಿಯ ಊರಿನ ಗುಡ್ಡದ ಮೇಲೆ ಹೂಳಿದರು. ಮಿಸೆಸ್ ಕೋಲ್ಬಿ ಅಷ್ಟು ದೂರ ಬಂದು, ಮನೆಯಲ್ಲಿ ಮಾಡಿದ ಕೋಳಿ ಅನ್ನದ ದೊಡ್ಡ ಪಾತ್ರೆ ಹಿಡಿದು ಹಿಂದೆ ನಿಂತಿದ್ದಳು. ಲೈಲ್ ಅವಳ ಬಳಿ ಹೋಗಿ ಪಾತ್ರೆ ಇಸಿದುಕೊಂಡ. ಕರಾರಿನ ಅವಧಿ ಇನ್ನೂ ಇದ್ದರೂ ಅವನು ಮನೆ ಬಿಡಲು ಅವಳು ಒಪ್ಪಿದಳು.

ಈಗ ಅವನು ಸ್ಯಾಫರ್ಡ್ ಎಂಬ ಊರಿನಲ್ಲಿ ತಂಗಿಯ ಜೊತೆ ಇದ್ದಾನೆ. ಭಾನುವಾರ ನಾನು ಫೋನು ಮಾಡುತ್ತೇನೆ. ಹೋದ ವಾರ ಒಂದು ವಿಷಯ ಹೇಳಿಬಿಟ್ಟೆ, ಒಂದು ವರ್ಷದಿಂದ ನನ್ನೊಳಗೇ ಇದ್ದದ್ದು. ಮಿಸೆಸ್ ಕೋಲ್ಬಿಯ ನಂಬರು ನನ್ನ ಹತ್ತಿರವೂ ಇತ್ತು. ಮನೆ ಖಾಲಿಯಿದ್ದ ಕಾಲದಲ್ಲಿ, ತಾನು ಸಿಗದಿದ್ದರೆ ತಂಗಿಗೆ ತಿಳಿಸಿ ಎಂದು ಅವಳ ಅಣ್ಣ ಕೊಟ್ಟಿದ್ದ. ಮೇ ತಿಂಗಳಲ್ಲಿ ಎರಡು ಸಲ ಆ ಚೀಟಿ ತೆಗೆದು ಕೈಯಲ್ಲಿ ಹಿಡಿದು ಕೂತಿದ್ದೆ, ಫೋನು ಮಾಡಲಿಲ್ಲ.

"ಬಿಡು," ಎಂದ ಲೈಲ್. "ನೀನು ಫೋನ್ ಮಾಡಿದ್ರೆ ನಾನು ನಿನ್ನ ಜೊತೆ ಮಾತೇ ಬಿಡ್ತಿದ್ದೆ."

"ಬಿಟ್ರೆ ಬಿಡ್ತಿದ್ರಿ," ಎಂದೆ.

ಆಮೇಲೆ ಅವನು, ತಂಗಿಯ ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿವೆ, ಯಾಕೋ ಗೊತ್ತಿಲ್ಲ, ನಿನಗೆ ಗೊತ್ತಾ ಎಂದು ಕೇಳಿದ. ನಾವು ಕೋಳಿಗಳ ಬಗ್ಗೆ ಮಾತಾಡಿದೆವು.